ಟಿಂಟ್ಸ್‌ಫೀಲ್ಡ್: ಗಾಥಿಕ್ ಮನೆಯೋ, ಹಳೇ ಮನೆಗೆ ತೊಡಿಸಿದ ಗಾಥಿಕ್ ಅಂಗಿಯೋ?

ಶರಾವತಿ_ದಡ (ಚರ್ಚೆ ತೆರೆದವರು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ, ರಾಕ್ಸಲ್ ಅನ್ನೋ ಊರಲ್ಲಿರುವ ಟಿಂಟ್ಸ್‌ಫೀಲ್ಡ್ ಬಂಗಲೆ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಸಿದ್ಧವಾಗ್ತಿದೆ. ಆರಂಭದ ಕರಡು ಇದು:

"1863ರಲ್ಲಿ ವ್ಯಾಪಾರಿ ವಿಲಿಯಂ ಗಿಬ್ಸ್ ಕಟ್ಟಿಸಿದ ನವಗಾಥಿಕ್ ಶೈಲಿಯ ಹಳ್ಳಿಬಂಗಲೆ. ಮನೆ ಮತ್ತು ಪ್ರಾರ್ಥನಾಮಂದಿರ ಎರಡರ ವಾಸ್ತುಶಿಲ್ಪಿ ಜಾನ್ ನಾರ್ಟನ್. 1935ರಲ್ಲಿ ಗಡಿಯಾರ ಗೋಪುರ ಕುಸಿಯಿತು. 2002ರಿಂದ ನ್ಯಾಷನಲ್ ಟ್ರಸ್ಟ್ ಒಡೆತನದಲ್ಲಿದೆ."

ಗಾಥಿಕ್ ಅಂದ್ರೆ ಮಧ್ಯಯುಗದ ಚರ್ಚುಗಳ ಚೂಪು ಕಮಾನಿನ ಶೈಲಿ, ಅದನ್ನು ಮುಂದೆ ಮತ್ತೆ ತಂದದ್ದು ನವಗಾಥಿಕ್. ನ್ಯಾಷನಲ್ ಟ್ರಸ್ಟ್ ಅಲ್ಲಿನ ಪಾರಂಪರಿಕ ಜಾಗಗಳನ್ನು ಕಾಪಾಡೋ ಸಂಸ್ಥೆ. ಒಳಗೆ ಹಳೇ ಮನೆಯೊಂದು ಹಾಗೇ ಇದೆ ಅಂತಾರೆ. ಹಾಗಿದ್ರೆ "ಕಟ್ಟಿಸಿದ" ಅನ್ನೋ ಪದ ಸರಿಯಾ? ಗೋಪುರ ತಾನಾಗೇ ಬಿತ್ತಾ, ಇಳಿಸಿದ್ರಾ? ದುಡ್ಡಿನ ಮೂಲದ ಬಗ್ಗೆ ಎಷ್ಟು ಬರೀಬೇಕು? ತಿದ್ದಿ.

ನಕ್ಷೆಗಾರ

ನಾಲ್ಕು ವಾಕ್ಯದಲ್ಲಿ ಎರಡು ತಪ್ಪು, ಒಂದು ಅರ್ಧ ತಪ್ಪು.

1863 ಕೆಲಸ ಶುರುವಾದ ವರ್ಷ, ಮನೆ ಹುಟ್ಟಿದ ವರ್ಷ ಅಲ್ಲ. ಗಿಬ್ಸ್ ಈ ಆಸ್ತಿ ಕೊಂಡಿದ್ದು 1843ರಲ್ಲಿ. ಆಗ ಅಲ್ಲಿದ್ದದ್ದು 19ನೇ ಶತಮಾನದ ಮೊದಲ ದಶಕಗಳ ಒಂದು ಮನೆ, ಹೆಸರು ಟಿಂಟ್ಸ್ ಪ್ಲೇಸ್. ಇಪ್ಪತ್ತು ವರ್ಷ ಸಂಸಾರ ಅಲ್ಲೇ ನಡೀತು. 1854ರಲ್ಲಿ ಜಾನ್ ಗ್ರೆಗರಿ ಕ್ರೇಸ್‌ಗೆ ಒಳಾಲಂಕಾರ ವಹಿಸಿದರು. 1863ರಿಂದ 65ರವರೆಗೆ ನಾರ್ಟನ್ ಆ ಮನೆಯನ್ನು ಕೆಡವದೆ, ಸುತ್ತ ಬಾತ್ ಕಲ್ಲಿನ (ಬಾತ್ ಊರಿನ ಸುತ್ತ ಸಿಗೋ ಸುಣ್ಣಕಲ್ಲು) ಹೊದಿಕೆ ಕಟ್ಟಿ, ಮೇಲೊಂದು ಅಂತಸ್ತು ಏರಿಸಿ, ಹೊಸ ಪಾರ್ಶ್ವಗಳನ್ನೂ ಗೋಪುರಗಳನ್ನೂ ಸೇರಿಸಿದ. ಗುತ್ತಿಗೆ ವಿಲಿಯಂ ಕ್ಯೂಬಿಟ್ ಕಂಪನಿಯದು. ಖರ್ಚು 70,000 ಪೌಂಡ್.

ಪ್ರಾರ್ಥನಾಮಂದಿರ ನಾರ್ಟನ್‌ದಲ್ಲ, ಆರ್ಥರ್ ಬ್ಲೋಮ್‌ಫೀಲ್ಡ್‌ದು. 1870ರ ದಶಕದ ಕೆಲಸ, ಮಾದರಿ ಪ್ಯಾರಿಸ್ಸಿನ ಸೇಂಟ್ ಶಪೆಲ್ ಅನ್ನೋ ಮಧ್ಯಯುಗದ ಪ್ರಾರ್ಥನಾಮಂದಿರ. ಅದು ಮುಗಿಯೋ ಮುಂಚೆಯೇ, 1875ರಲ್ಲಿ, ಗಿಬ್ಸ್ ತೀರಿಕೊಂಡ.

ಗೋಪುರ ಕುಸಿಯಲಿಲ್ಲ. ಒಣಕೊಳೆ ಹಿಡಿದಿದ್ದರಿಂದ 1935ರಲ್ಲಿ ಇಳಿಸಿದರು.

ಧಾರವಾಡ_ಫೇಡೆ

ಕುಸಿಯೂದು ಬ್ಯಾರೆ, ಇಳಸೂದು ಬ್ಯಾರೆ. ಮೊದ್ಲ ಅದನ್ನ ತಿದ್ರಿ.

ಗಾರೆಕೆಲಸ

"ಕಟ್ಟಿಸಿದ" ಬೇಡ, "ಹೊಸ ರೂಪ ಕೊಡಿಸಿದ" ಅನ್ನಿ. ಹಳೇ ಗೋಡೆಗೆ ಹೊರಗಿಂದ ಕಲ್ಲು ಕಟ್ಟಿದರೆ ಅದು ಹೊದಿಕೆಯೇ. ಗಾಥಿಕ್ ಚಳವಳಿಗೆ ತತ್ವ ಕೊಟ್ಟ ಪ್ಯೂಜಿನ್ ಹೇಳಿದ್ದೇನು? ಅಲಂಕಾರ ಅನ್ನೋದು ಕಟ್ಟಡದ ರಚನೆಯಿಂದಲೇ ಹುಟ್ಟಬೇಕು, ಮೇಲಿಂದ ಅಂಟಿಸಿದ್ದಾಗಬಾರದು. ಆ ಅಳತೆಯಲ್ಲಿ ನೋಡಿದರೆ ಟಿಂಟ್ಸ್‌ಫೀಲ್ಡ್ ಬರೀ ಅಂಗಿ.

ನಕ್ಷೆಗಾರ

ಅಂಗಿ ಅನ್ನೋದಾದರೆ ಸ್ಟ್ರಾಬೆರಿ ಹಿಲ್‌ಗೆ ಅನ್ನಿ. ಲೇಖಕ ಹೊರೇಸ್ ವಾಲ್‌ಪೋಲ್ 1740ರ ದಶಕದ ಕೊನೆಯಿಂದ ಟ್ವಿಕನ್‌ಹ್ಯಾಮ್‌ನಲ್ಲಿ ಮಾಡಿಸಿದ್ದು. ಅಲ್ಲಿನ ಗ್ಯಾಲರಿಯ ಬೀಸಣಿಗೆ ಕಮಾನಿನ ಛಾವಣಿ ಕಲ್ಲಿನದಲ್ಲ, ಕಾಗದದ ತಿರುಳಿನದು! ವೆಸ್ಟ್‌ಮಿನ್‌ಸ್ಟರ್‌ನ ಏಳನೇ ಹೆನ್ರಿ ಮಂದಿರದ ನಕಲು. ಯಾವ ಭಾರವನ್ನೂ ಹೊರಲ್ಲ.

ಟಿಂಟ್ಸ್‌ಫೀಲ್ಡ್‌ನಲ್ಲಿ ಹೊಸ ಪಾರ್ಶ್ವಗಳ ಗೋಡೆಗಳು ನಿಜವಾಗಿ ಭಾರ ಹೊರುತ್ತವೆ. ಕಮಾನು ಕಮಾನಾಗಿಯೇ ಕೆಲಸ ಮಾಡುತ್ತೆ. ಒಳಗಿನ ಕೋಣೆಗಳ ಬಳಕೆ ಹೇಗೋ ಹಾಗೆ ಹೊರಗಿನ ಆಕಾರ. ದೊಡ್ಡ ಕಿಟಕಿ, ಸಣ್ಣ ಕಿಟಕಿ, ಎತ್ತರದ ಮಾಡು, ತಗ್ಗಿನ ಮಾಡು, ಒಂದಕ್ಕೊಂದು ಸಮ ಇಲ್ಲ. ಆ ಅಸಮತೆ ಬೇಕಂತಲೇ ಬಿಟ್ಟದ್ದು. ನಾರ್ಟನ್ ಕಲಿತದ್ದು ಬೆಂಜಮಿನ್ ಫೆರಿ ಹತ್ತಿರ, ಫೆರಿ ಪ್ಯೂಜಿನ್‌ನ ಒಡನಾಡಿ. ತತ್ವ ಗೊತ್ತಿಲ್ಲದೆ ಮಾಡಿದ ಕೆಲಸ ಅಲ್ಲ ಇದು.

ಗಾರೆಕೆಲಸ

ಪಾರ್ಶ್ವಗಳ ವಿಷಯ ಒಪ್ಪಿದೆ. ನಡುಮನೆ ವಿಷಯ ಒಪ್ಪಲ್ಲ. ಹೊದಿಸಿ ಕಟ್ಟೋದರಲ್ಲಿ ಇರೋ ತೊಂದರೆಗಳನ್ನೂ ಹೇಳಬೇಕು, ಯಾಕಂದ್ರೆ ವಿಕ್ಟೋರಿಯಾ ಕಾಲದ ಎಷ್ಟೋ ಬಂಗಲೆಗಳ ಕಥೆ ಇದೇ.

ಒಂದು, ಹಳೇ ಗೋಡೆ ಆಗಲೇ ಕೂತಿರುತ್ತೆ, ಹೊಸ ಗೋಡೆಯ ಬುನಾದಿ ಆಮೇಲೆ ಕೂರುತ್ತೆ. ಎರಡನ್ನೂ ಬಿಗಿಯಾಗಿ ಹೆಣೆದರೆ ಕೂಡುವ ಜಾಗದಲ್ಲಿ ಮೇಲಿಂದ ಕೆಳಗೆ ಸೀಳು. ಹೆಣೆಯದೇ ಬಿಟ್ಟರೆ ಹೊದಿಕೆ ಹೊಟ್ಟೆ ಬಿಡುತ್ತೆ. ಅದಕ್ಕೇ ಗೋಡೆಯ ಒಳಕ್ಕೆ ಚಾಚುವ ಹಾಸುಗಲ್ಲುಗಳನ್ನು ನಡುನಡುವೆ ಕೊಡಬೇಕು.

ಎರಡು, ಕಲ್ಲು ಕಲ್ಲಿಗೆ ಹಾಕುವ ಕಬ್ಬಿಣದ ಕೊಂಡಿ. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಕೇಳುತ್ತೆ. ಕಲ್ಲಿನ ಮೂಲೆ ಚಕ್ಕೆ ಎದ್ದಿದ್ದರೆ ಮಳೆ ಬಿಸಿಲನ್ನು ದೂರೋ ಮೊದಲು ಒಳಗೆ ಕೊಂಡಿ ಇದೆಯಾ ನೋಡಬೇಕು. ಈಗ ರಿಪೇರಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕ್ತಾರೆ.

ಮೂರು, ಬಾತ್ ಕಲ್ಲಿನ ಪದರ. ಇದು ಸುಣ್ಣಕಲ್ಲು, ಸಮುದ್ರತಳದಲ್ಲಿ ಪದರ ಪದರವಾಗಿ ಕೂತದ್ದು. ಗೋಡೆಯಲ್ಲಿ ಪದರ ಅಡ್ಡಕ್ಕೆ ಇರಬೇಕು, ಗಣಿಯಲ್ಲಿ ಮಲಗಿದ್ದ ಹಾಗೆ. ಕಮಾನಿನ ಕಲ್ಲಲ್ಲಿ ಪದರ ಒತ್ತಡಕ್ಕೆ ಲಂಬವಾಗಿರಬೇಕು. ಹೊರಚಾಚಿದ ಕಾರ್ನಿಸ್‌ನಲ್ಲಿ (ಗೋಡೆಯ ಮೇಲಂಚಿನ ಪಟ್ಟಿ) ಪದರ ನೇರ ನಿಂತು, ಅಂಚು ಹೊರಗೆ ಕಾಣಬೇಕು. ಗೋಡೆಯಲ್ಲಿ ಪದರವನ್ನು ಮುಖಕ್ಕೆ ಮಾಡಿ ನಿಲ್ಲಿಸಿದರೆ ಹಪ್ಪಳ ಎದ್ದ ಹಾಗೆ ಒಂದೊಂದೇ ಪದರ ಬಿಡುತ್ತೆ.

ಹಳೇ_ಮೈಸೂರು

ಗಣಿಯಿಂದ ತೆಗೆದ ಹಸಿ ಕಲ್ಲು ಮೆತ್ತಗಿರುತ್ತೆ ಅನ್ನೋದನ್ನೂ ಸೇರಿಸಿ. ಗರಗಸದಲ್ಲಿ ಕೊಯ್ಯಬಹುದು. ಒಳಗಿನ ತೇವ ಆರುತ್ತಾ ಮೇಲ್ಮೈ ಗಟ್ಟಿಯಾಗುತ್ತೆ. ಆರುವ ಮುಂಚೆ ಹಿಮ ಬಿದ್ದರೆ ಕಲ್ಲು ಸಿಡಿಯುತ್ತೆ, ಹಾಗಾಗಿ ಚಳಿಗಾಲದಲ್ಲಿ ತೆಗೆದ ಬಾತ್ ಕಲ್ಲನ್ನು ಗಣಿಯ ಒಳಗೇ ಪೇರಿಸಿಟ್ಟು ವಸಂತದಲ್ಲಿ ಹೊರಗೆ ತರ್ತಿದ್ರು. ನಮ್ಮ ಕಣಶಿಲೆಗೆ ಈ ಯೋಚನೆಯೇ ಇಲ್ಲ.

ತೋಟದಮನೆ

ದುಡ್ಡಿನ ಮೂಲ ಬರೀಲೇಬೇಕು. ಅದಿಲ್ಲದೆ ಲೇಖನವೇ ಇಲ್ಲ. ಆ ಮನೆ ಎದ್ದದ್ದು ಗೊಬ್ಬರದ ಮೇಲೆ.

ಪೆರು ದೇಶದ ಚಿಂಚಾ ದ್ವೀಪಗಳಲ್ಲಿ ಸಮುದ್ರಕಾಗೆ, ಪೆಲಿಕನ್, ಬೂಬಿ ಹಕ್ಕಿಗಳು ಸಾವಿರಾರು ವರ್ಷ ಹಾಕಿದ ಹಿಕ್ಕೆ, ಹತ್ತಾರು ಮೀಟರ್ ದಪ್ಪ. ಅದೇ ಗ್ವಾನೋ. ಅಲ್ಲೇ ಯಾಕೆ ಉಳೀತು? ಹಂಬೋಲ್ಟ್ ಪ್ರವಾಹದ ತಣ್ಣೀರಿನಿಂದ ಆ ಕರಾವಳಿಯಲ್ಲಿ ಮಳೆಯೇ ಇಲ್ಲ. ಮಳೆ ಬಂದಿದ್ದರೆ ಸಾರಜನಕ ತೊಳೆದು ಹೋಗ್ತಿತ್ತು. ನಮ್ಮ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು. ಒಳ್ಳೇ ಪೆರು ಗ್ವಾನೋದಲ್ಲಿ ಶೇ 12ಕ್ಕೂ ಮೇಲೆ. ಒಂದು ಮೂಟೆ ಗ್ವಾನೋ ಇಪ್ಪತ್ತಕ್ಕೂ ಹೆಚ್ಚು ಮೂಟೆ ಕೊಟ್ಟಿಗೆ ಗೊಬ್ಬರದ ಸಮ. ಇಂಗ್ಲೆಂಡಿನ ಟರ್ನಿಪ್, ಗೋಧಿ ಹೊಲಗಳಿಗೆ ಅದು ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಗಿಬ್ಸ್ ಮನೆತನದ ಸಂಸ್ಥೆ ಆಂಟನಿ ಗಿಬ್ಸ್ ಅಂಡ್ ಸನ್ಸ್. 1842ರಲ್ಲಿ ಪೆರು ಸರ್ಕಾರದ ಜೊತೆ ಒಪ್ಪಂದ, ಆಮೇಲೆ ಬ್ರಿಟನ್ನಿಗೆ ತರುವ ಏಕಸ್ವಾಮ್ಯ, 1861ರವರೆಗೆ. ಮಾರನೇ ವರ್ಷ ಬಿಟ್ಟು ಅದರ ಮುಂದಿನ ವರ್ಷ ಮನೆ ಕೆಲಸ ಶುರು. ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಅಗೆದವರು ಯಾರು? ಕರಾರಿಗೆ ಸಿಕ್ಕಿಬಿದ್ದ ಚೀನೀ ಕೂಲಿಗಳು, ಕೈದಿಗಳು. ಗುದ್ದಲಿ ಹಾಕಿದರೆ ಅಮೋನಿಯಾ ವಾಸನೆ, ಕಣ್ಣು ಮೂಗು ಉರಿ, ನೆರಳಿಲ್ಲ, ಕುಡಿಯೋ ನೀರೂ ದೋಣಿಯಲ್ಲೇ ಬರಬೇಕು. 1849ರಿಂದ 1874ರ ನಡುವೆ ಸುಮಾರು ಒಂದು ಲಕ್ಷ ಚೀನೀ ಕೂಲಿಗಳನ್ನು ಪೆರುವಿಗೆ ತಂದರು. ಇವರ ಹೆಸರು ಆ ಮನೆಯ ಯಾವ ಕಿಟಕಿ ಗಾಜಿನ ಮೇಲೂ ಇಲ್ಲ.

ನಕ್ಷೆಗಾರ

ತೋಟದಮನೆಯವರೇ, ಒಂದು ತಿದ್ದುಪಡಿ. ಆ ಒಂದು ಲಕ್ಷ ಪೂರಾ ಪೆರುವಿಗೆ ಬಂದವರ ಲೆಕ್ಕ. ಅವರಲ್ಲಿ ಹೆಚ್ಚಿನವರು ಕಬ್ಬು, ಹತ್ತಿ ತೋಟಗಳಿಗೆ ಹೋದವರು. ಗ್ವಾನೋ ದ್ವೀಪಗಳಿಗೆ ಹೋದವರು ಅದರ ಒಂದು ಸಣ್ಣ ಪಾಲು. ದ್ವೀಪದ ಕಷ್ಟ ಕಡಿಮೆ ಅಂತ ಅಲ್ಲ, ಆದರೆ ಸಂಖ್ಯೆ ತಪ್ಪಾಗಿ ಓದೋ ಹಾಗೆ ಬರೆಯಬಾರದು. ಇನ್ನೊಂದು, ದ್ವೀಪಗಳ ಒಡೆತನ ಪೆರು ಸರ್ಕಾರದ್ದು, ಅಗೆಸುವ ಗುತ್ತಿಗೆ ಸ್ಥಳೀಯ ಗುತ್ತಿಗೆದಾರರದು, ಗಿಬ್ಸ್ ಮಾರಾಟದ ಏಜೆಂಟ್.

ತೋಟದಮನೆ

ಸಂಖ್ಯೆ ತಿದ್ದಿದ್ದು ಸರಿ, ಒಪ್ಪಿದೆ. ಆದರೆ "ಏಜೆಂಟ್ ಮಾತ್ರ" ಅನ್ನೋ ಮಾತು ಒಪ್ಪಲ್ಲ. ಮುಂಗಡ ಸಾಲ ಕೊಟ್ಟು ಸರ್ಕಾರವನ್ನು ಹಿಡಿತದಲ್ಲಿ ಇಟ್ಟುಕೊಂಡು, ಟನ್ ಲೆಕ್ಕದಲ್ಲಿ ಕಮಿಷನ್ ತಗೊಂಡವರು ಅಗೆಯುವ ಕೈಗಳಿಂದ ದೂರ ಇದ್ದರು ಅಂತ ಹೇಳೋಕಾಗಲ್ಲ. ಲೇಖನದಲ್ಲಿ ಎರಡೂ ಬರಲಿ. ಅದೇ ಗಿಬ್ಸ್ ಆಕ್ಸ್‌ಫರ್ಡ್‌ನ ಕೀಬಲ್ ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ದುಡ್ಡು ಕೊಟ್ಟ ಅನ್ನೋದೂ ಬರಲಿ.

ಮಲ್ಲಿಗೆ_ಹಂಬು

ಉಚ್ಚಾರ "ಟಿಂಟ್ಸ್‌ಫೀಲ್ಡ್" ಸರೀನೇ ಬರ್ದಿದೀರ. ಬೇರೆ ಕಡೆ "ಟೈಂಟ್ಸ್" ಅಂತ ನೋಡಿ ಬದಲಾಯಿಸ್ಬೇಡಿ.

ಹಳೇ_ಮೈಸೂರು

ನಮ್ಮ ಬೆಂಗಳೂರು ಅರಮನೆಯೂ ಇದೇ ಜಾತಿ ಅಲ್ವಾ? ಕಾಲವೂ ಅದೇ. ಲೇಖನದಲ್ಲಿ ಹೋಲಿಕೆ ಕೊಡಬಹುದು.

ನಕ್ಷೆಗಾರ

ಕಾಲ ಹೊಂದುತ್ತೆ, ಜಾತಿ ಹೊಂದಲ್ಲ. ಬೆಂಗಳೂರು ಅರಮನೆಯನ್ನು 1862ರಲ್ಲಿ ಶುರು ಮಾಡಿದ್ದು ಸೆಂಟ್ರಲ್ ಹೈಸ್ಕೂಲಿನ ರೆವರೆಂಡ್ ಗ್ಯಾರೆಟ್, 1873ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರಿಗಾಗಿ ಕೊಂಡರು. ಅದರ ಹೊರರೂಪ ಟ್ಯೂಡರ್, ಅಂದರೆ 16ನೇ ಶತಮಾನದ ಇಂಗ್ಲೆಂಡಿನ ಶೈಲಿ. ಕೋಟೆಯಂತೆ ಹಲ್ಲು ಹಲ್ಲಾದ ತಲೆಗೋಡೆ, ಅದರ ಜೊತೆ ಬುರುಜುಗಳು. ದರ್ಬಾರ್ ಹಾಲಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಗಾಥಿಕ್ ಇದೆ, ಅಷ್ಟೇ. ಗಾಥಿಕ್‌ಗೆ ಮೈಸೂರಿನ ಸೇಂಟ್ ಫಿಲೋಮಿನಾ ನೋಡಿ, ಆದರೆ ಅದು ಚರ್ಚು, ಮನೆಯಲ್ಲ.

ಭಾರತದ ನಂಟು ಬೇಕೇ ಬೇಕು ಅಂದ್ರೆ ನಿಜವಾದದ್ದು ಬೇರೊಂದಿದೆ. ಟಿಂಟ್ಸ್‌ಫೀಲ್ಡ್ ಕೆಲಸ ನಡೀತಿದ್ದ ಅದೇ ದಶಕದಲ್ಲಿ ಜಾನ್ ನಾರ್ಟನ್‌ಗೆ ಇನ್ನೊಬ್ಬ ಗಿರಾಕಿ ಸಿಕ್ಕಿದ್ದು ಮಹಾರಾಜ ದುಲೀಪ್ ಸಿಂಗ್. ಲಾಹೋರಿನ ಸಿಂಹಾಸನ ಕಳಕೊಂಡು ಇಂಗ್ಲೆಂಡ್ ಸೇರಿದ ಹುಡುಗ, ಸಫೋಕ್‌ನಲ್ಲಿ ಎಲ್ವೆಡನ್ ಎಸ್ಟೇಟ್ ಕೊಂಡ. ಅಲ್ಲಿ ನಾರ್ಟನ್ ಹೊರಗೆ ಇಟಲಿ ಶೈಲಿ ಇಟ್ಟು ಒಳಗೆ ಮೊಘಲ್ ಅರಮನೆಗಳ ಕಮಾನು, ಗಚ್ಚಿನ ಕುಸುರಿ ಮಾಡಿದ.

ಧಾರವಾಡ_ಫೇಡೆ

ಅಂದ್ರ ಗೊಬ್ಬರದ ಸಾಹುಕಾರಗ ಚರ್ಚಿನಂಥಾ ಮನಿ, ರಾಜ್ಯ ಹೋದ ರಾಜಾಗ ಲಾಹೋರಿನಂಥಾ ಮನಿ, ಇಬ್ರಿಗೂ ಒಬ್ಬನ ಎಂಜಿನಿಯರ್ರಾ? ಇದು ಲೇಖನದಾಗ ಬರಬೇಕ್ರಿ.

ಸೀಸದ_ಹಾಳೆ

ಗೋಪುರದ ವಿಷಯಕ್ಕೆ ಬರೋಣ. "ಒಣಕೊಳೆ" ಅಂತ ಬರೆದು ಬಿಟ್ಟರೆ ಓದೋರಿಗೆ ಏನೂ ತಿಳಿಯಲ್ಲ. ಹೆಸರೇ ದಾರಿ ತಪ್ಪಿಸುತ್ತೆ, ಒಣ ಮರಕ್ಕೆ ಅದು ಬರಲ್ಲ. ಸರ್ಪುಲಾ ಲ್ಯಾಕ್ರಿಮಾನ್ಸ್ ಅನ್ನೋ ಶಿಲೀಂಧ್ರ. ಮರದ ತೇವ ಶೇ 20 ದಾಟಿ ಅಲ್ಲೇ ನಿಂತರೆ, ಗಾಳಿ ಆಡದಿದ್ದರೆ, 20 ಡಿಗ್ರಿ ಆಸುಪಾಸಿನ ತಂಪಿದ್ದರೆ ಬೆಳೆಯುತ್ತೆ. ಮರ ಘನಾಕೃತಿಯ ತುಂಡು ತುಂಡಾಗಿ ಬಿರಿದು ಕೈಯಲ್ಲಿ ಪುಡಿಯಾಗುತ್ತೆ. ಉಳಿದ ಕೊಳೆರೋಗಗಳಿಗಿಂತ ಇದು ಭಯಾನಕ ಯಾಕೆ ಅಂದ್ರೆ, ಬೇರಿನಂಥ ಎಳೆ ಬಿಟ್ಟು ಕಲ್ಲು, ಗಾರೆ ದಾಟಿ ಆಚೆಯ ಮರ ಹುಡುಕಿಕೊಂಡು ಹೋಗುತ್ತೆ.

ನವಗಾಥಿಕ್ ಮನೆಗಳಿಗೆ ಇದು ಹೆಚ್ಚು, ಕಾರಣ ಮಾಡು. ಕಣ್ಣಿಗೆ ಚೆಂದ ಕಾಣೋ ಅಷ್ಟೊಂದು ಕೋನ, ಗೋಪುರ, ಮಾಡಿನಿಂದ ಹೊರಗೆದ್ದ ಡಾರ್ಮರ್ ಕಿಟಕಿ, ಚಿಮಣಿ, ಇವೆಲ್ಲ ಒಂದಕ್ಕೊಂದು ಸೇರುವ ಕಡೆಯೆಲ್ಲ ಒಂದು ಕಣಿವೆ ಇರುತ್ತೆ. ಕಣಿವೆಗೆ ಸೀಸದ ದೋಣಿ, ಅಂದರೆ ಮಳೆನೀರು ಹರಿದುಹೋಗೋ ಕಾಲುವೆ. ದೋಣಿ ಸೋರಿದರೆ ನೀರು ನೇರ ತೊಲೆಯ ತಲೆಗೆ, ಅಂದರೆ ಗೋಡೆಯೊಳಗೆ ಹುದುಗಿದ ಭಾಗಕ್ಕೆ. ಹೊರಗೆ ಕಾಣೋ ಹೊತ್ತಿಗೆ ತೊಲೆಯ ತುದಿ ಹೋಗಿರುತ್ತೆ.

ಸೀಸ ಯಾಕೆ ಸೀಳುತ್ತೆ? ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗುತ್ತೆ. 3 ಮೀಟರ್ ಉದ್ದದ ಹಾಳೆ 50 ಡಿಗ್ರಿ ಏರಿಳಿತಕ್ಕೆ ನಾಲ್ಕು ಮಿಲಿಮೀಟರ್‌ಗೂ ಹೆಚ್ಚು ಆಡುತ್ತೆ. ಮೊಳೆ ಹೊಡೆದು ಬಿಗಿದಿದ್ದರೆ ಆಡೋಕೆ ಜಾಗ ಇಲ್ಲ, ಉಬ್ಬಿ ಉಬ್ಬಿ ಒಂದು ದಿನ ಗೆರೆ ಬಿಡುತ್ತೆ. ಉದ್ದುದ್ದ ಹಾಳೆ ಹಾಕಿದರೆ ಜೋಡಣೆ ಕಡಿಮೆ, ಕೆಲಸ ಬೇಗ, ಅದೇ ತಪ್ಪು. ಈಗಿನ ಪದ್ಧತಿಯಲ್ಲಿ 2.65 ಮಿ.ಮೀ. ದಪ್ಪದ ಹಾಳೆಯನ್ನು ದೋಣಿಯಲ್ಲಿ ಎರಡೂಕಾಲು ಮೀಟರ್‌ಗಿಂತ ಉದ್ದ ಹಾಕಲ್ಲ. ಪ್ರತಿ ಜೋಡಣೆಗೆ 50 ಮಿ.ಮೀ. ಮೇಲ್ಪಟ್ಟ ಮೆಟ್ಟಿಲು, 80ಕ್ಕೆ 1ರ ಇಳಿಜಾರು. ತಲೆಯ ಕಡೆ ಮಾತ್ರ ತಾಮ್ರದ ಮೊಳೆ, ಕೆಳಗಡೆ ಬಿಡುವು. ಆ ದಪ್ಪದ ಹಾಳೆ ಚದರ ಮೀಟರಿಗೆ 30 ಕೆ.ಜಿ. ತೂಗುತ್ತೆ, ಹಾಗಾಗಿ ಕೆಳಗಿನ ಹಲಗೆ ಗಟ್ಟಿ ಇದೆಯಾ ಅಂತ ಮೊದಲು ನೋಡಬೇಕು.

ಮಲ್ಲಿಗೆ_ಹಂಬು

ನಮ್ಮ ಕಡೆ ಹಳೇ ತೊಟ್ಟಿಮನೆಗಳಿಗೆ ಈ ರೋಗ ಇಲ್ಲ ಯಾಕೆ? ಮಳೆ ಏನು ಕಮ್ಮೀನಾ ಮಲೆನಾಡಲ್ಲಿ?

ಸೀಸದ_ಹಾಳೆ

ಸೆಖೆ. ಈ ಶಿಲೀಂಧ್ರಕ್ಕೆ 25 ಡಿಗ್ರಿ ದಾಟಿದರೆ ಬೆಳವಣಿಗೆ ಕುಂದುತ್ತೆ. ನಮ್ಮಲ್ಲಿ ಆ ಜಾಗ ಗೆದ್ದಲು ಹಿಡಿದಿದೆ. ಇನ್ನೊಂದು ಸಂಗತಿ: ಇಂಗ್ಲೆಂಡಿನಲ್ಲಿ ಅದು ಸಿಗೋದು ಮನೆಗಳೊಳಗೆ, ಕಾಡಿನಲ್ಲಿ ಸಹಜವಾಗಿ ಬೆಳೆಯೋದು ಹಿಮಾಲಯದಲ್ಲಿ.

ಗಾರೆಕೆಲಸ

1935ರಲ್ಲಿ ಗೋಪುರ ಇಳಿಸಿದ್ದು ತಪ್ಪು ಅನ್ನೋರೂ ಇದಾರೆ. ಆಗ ಮನೆ ನೋಡಿಕೊಳ್ತಿದ್ದವರು ವಿಲಿಯಂ ಗಿಬ್ಸ್‌ನ ಮೊಮ್ಮಗ, ಮೊದಲ ಲಾರ್ಡ್ ರಾಕ್ಸಲ್‌ನ ವಿಧವೆ ಅರ್ಸುಲಾ. ಗಂಡ 1931ರಲ್ಲಿ ತೀರಿಕೊಂಡಿದ್ದರು, ಮಕ್ಕಳು ಚಿಕ್ಕವರು. ಆ ಕಾಲದಲ್ಲಿ ಒಣಕೊಳೆಗೆ ಗೊತ್ತಿದ್ದ ಮದ್ದು ಕತ್ತರಿಸಿ ಸುಡೋದು. ಈಗಿನ ದಾರಿ ಬೇರೆ: ಮೊದಲು ನೀರಿನ ಮೂಲ ನಿಲ್ಲಿಸು, ಗಾಳಿ ಆಡಿಸು, ತೇವ ಶೇ 20ಕ್ಕಿಂತ ಇಳಿಸು, ಪುಡಿಯಾದ ಭಾಗ ಮಾತ್ರ ತೆಗೆದು ಹೊಸ ಮರ ಬೆಸೆ. ಇಂದಿನ ವಿದ್ಯೆ ಇಟ್ಟುಕೊಂಡು ಆಕೆಯನ್ನು ದೂರೋದು ನ್ಯಾಯ ಅಲ್ಲ. ಆದರೂ ಆ ಚೂಪು ಮಾಡಿನ ಗೋಪುರ ಹೋದಮೇಲೆ ಮನೆ ತಲೆ ತಗ್ಗಿಸಿದ ಹಾಗೆ ಕಾಣುತ್ತೆ, ಹಳೇ ಫೋಟೋ ಪಕ್ಕಕ್ಕಿಟ್ಟು ನೋಡಿ.

ಹಳೇ_ಮೈಸೂರು

ನಿಜವಾಗಿ ಕುಸಿದ ಗೋಪುರ ಬೇಕು ಅಂದ್ರೆ ಫಾಂಟ್‌ಹಿಲ್ ಅಬ್ಬೆ. ವಿಲ್ಟ್‌ಶೈರ್‌ನಲ್ಲಿ ವಿಲಿಯಂ ಬೆಕ್‌ಫರ್ಡ್‌ಗಾಗಿ ಜೇಮ್ಸ್ ವಯಟ್ 1796ರಲ್ಲಿ ಶುರು ಮಾಡಿದ್ದು. ಜಮೈಕಾದ ಸಕ್ಕರೆ ತೋಟ, ಗುಲಾಮರ ದುಡಿಮೆಯ ದುಡ್ಡು. ಅವಸರಕ್ಕೆ ಮರದ ಚೌಕಟ್ಟು, ಮೇಲೆ ಸಿಮೆಂಟ್ ಲೇಪ. 1822ರಲ್ಲಿ ಅದನ್ನು ಕೊಂಡವನು ಬಂಗಾಳದಲ್ಲಿ ಮದ್ದುಗುಂಡಿನ ಪುಡಿ ಮಾಡಿ ಹಣ ಗಳಿಸಿದ್ದ ಜಾನ್ ಫರ್ಕ್ಯುಹರ್. 1825ರ ಡಿಸೆಂಬರ್‌ನಲ್ಲಿ ಗೋಪುರ ನೆಲಕ್ಕೆ ಬಿತ್ತು.

ಗಾರೆಕೆಲಸ

ಅದಕ್ಕೇ ಹೇಳೋದು, ಗಾಥಿಕ್ ಗೋಪುರದ ಭಾರ ಬುನಾದಿಗೆ ಇಳಿಯೋ ದಾರಿ ಇಲ್ಲದೆ ಎತ್ತರ ಏರಿಸಬಾರದು. ಟಿಂಟ್ಸ್‌ಫೀಲ್ಡ್ ನಿಂತಿದೆ. ಆ ಮಟ್ಟಿಗೆ ನಾರ್ಟನ್‌ಗೆ ನನ್ನ ಮತ.

ಸಂದು ತುಂಬೋ ಕೆಲಸದ ಬಗ್ಗೆಯೂ ಒಂದು ಮಾತು. ಬಾತ್ ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿದರೆ ತೇವ ಸಂದಿಯಿಂದ ಹೊರಗೆ ಹೋಗದೆ ಕಲ್ಲಿನ ಮೂಲಕ ಹೋಗುತ್ತೆ, ಉಪ್ಪು ಕಲ್ಲಲ್ಲೇ ಹರಳುಗಟ್ಟಿ ಕಲ್ಲು ಪುಡಿಯಾಗುತ್ತೆ. ಸಿಮೆಂಟಿನ ಗೆರೆ ಮಾತ್ರ ಎದ್ದು ನಿಂತಿರುತ್ತೆ. ಸುಣ್ಣ 1 ಪಾಲು, ಮರಳು ಮತ್ತು ಅದೇ ಕಲ್ಲಿನ ಪುಡಿ ಸೇರಿ 3 ಪಾಲು. ಸಂದಿಯ ಅಗಲದ ಎರಡು ಪಟ್ಟು ಆಳ ಕೆರೆದು, ನೀರು ಚಿಮುಕಿಸಿ, ಒತ್ತಿ ತುಂಬಬೇಕು. 5 ಡಿಗ್ರಿಗಿಂತ ಕೆಳಗೆ ಇಳಿಯೋ ದಿನ ಮುಟ್ಟಬಾರದು. ಗೋಣಿತಾಟು ಒದ್ದೆ ಮಾಡಿ ಒಂದು ವಾರವಾದರೂ ಹೊದಿಸಬೇಕು. ನಮ್ಮ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕೋ ಹಾಗೆ ಅಲ್ಲಿ ಹಾಕಲ್ಲ, ಉಳಿದ ಶಿಸ್ತು ಒಂದೇ.

ಶರಾವತಿ_ದಡ

ಪ್ರಾರ್ಥನಾಮಂದಿರ ಚರ್ಚಾಗಿ ಪ್ರತಿಷ್ಠೆಯೇ ಆಗಲಿಲ್ಲ ಅಂತ ಓದಿದ ನೆನಪು. ಹೌದಾ?

ನಕ್ಷೆಗಾರ

ಹೌದು. ಮನೆಯಲ್ಲೇ ಅಷ್ಟು ದೊಡ್ಡ ಮಂದಿರ ಆದರೆ ಊರಿನ ಚರ್ಚು ಮೂಲೆಗೆ ಬೀಳುತ್ತೆ ಅನ್ನೋ ವಿರೋಧ ಸ್ಥಳೀಯ ಪಾದ್ರಿ ಕಡೆಯಿಂದ ಬಂತು. ಬಿಷಪ್ ಪ್ರತಿಷ್ಠೆ ಮಾಡಲಿಲ್ಲ. ಮನೆಮಂದಿ, ಆಳುಕಾಳು ಅಲ್ಲಿ ದಿನವೂ ಪ್ರಾರ್ಥನೆ ಮಾಡ್ತಿದ್ದರು, ಮದುವೆ ಗಿದುವೆಗೆ ಊರ ಚರ್ಚೇ. ಗಿಬ್ಸ್ ಆಕ್ಸ್‌ಫರ್ಡ್ ಚಳವಳಿಯ (ಇಂಗ್ಲೆಂಡಿನ ಚರ್ಚಿಗೆ ಹಳೇ ಸಂಪ್ರದಾಯ ಮರಳಿ ತರಲು ಹೊರಟವರ ಗುಂಪು) ಭಕ್ತ, ಅವನಿಗೆ ಗಾಥಿಕ್ ಅನ್ನೋದು ಶೋಕಿ ಅಲ್ಲ, ನಂಬಿಕೆಯ ಭಾಷೆ.

2002ರ ವಾಕ್ಯಕ್ಕೆ ಸೇರಿಸಿ: ಎರಡನೇ ಲಾರ್ಡ್ ರಾಕ್ಸಲ್ ಮದುವೆಯಾಗದೆ 2001ರಲ್ಲಿ ತೀರಿಕೊಂಡರು. ಆಸ್ತಿ ಮಾರಾಟಕ್ಕೆ ಬಂತು. ಒಳಗಿನ ಹತ್ತಾರು ಸಾವಿರ ವಸ್ತುಗಳು ಹರಾಜಾಗಿ ಚೆದುರಬಹುದಿತ್ತು. ಸುಮಾರು ನೂರು ದಿನದಲ್ಲಿ ಸಾರ್ವಜನಿಕರಿಂದ ಎಂಟು ಮಿಲಿಯನ್ ಪೌಂಡಿಗೂ ಮೀರಿ ಸೇರಿತು, ನ್ಯಾಷನಲ್ ಹೆರಿಟೇಜ್ ಮೆಮೋರಿಯಲ್ ಫಂಡ್ ಅನ್ನೋ ಸರ್ಕಾರಿ ನಿಧಿ 17.4 ಮಿಲಿಯನ್ ಪೌಂಡ್ ಕೊಟ್ಟಿತು. ಆಮೇಲೆ ಮನೆಗೆ ಪೂರಾ ಸಾರುವೆ ಕಟ್ಟಿ, ಅದರ ಮೇಲೆ ತಾತ್ಕಾಲಿಕ ಛಾವಣಿ ಹಾಕಿ, ಮಾಡು ರಿಪೇರಿ ಮಾಡಿದರು. ಕೆಲಸ ನಡೆಯುವಾಗ ಜನ ಸಾರುವೆ ಹತ್ತಿ ನೋಡೋಕೂ ಅವಕಾಶ ಇತ್ತು.

ಮಲ್ಲಿಗೆ_ಹಂಬು

ಮಾಡು ಬಿಚ್ಚುವಾಗ ಬಾವಲಿಗಳ ಕಥೆ? ಅಲ್ಲಿ ಕುದುರೆಲಾಳ ಬಾವಲಿ ಇವೆ.

ಸೀಸದ_ಹಾಳೆ

ಬ್ರಿಟನ್ನಿನಲ್ಲಿ ಬಾವಲಿಯ ಗೂಡಿಗೆ ಕಾನೂನಿನ ರಕ್ಷಣೆ ಇದೆ. ಮರಿ ಹಾಕುವ ಬೇಸಿಗೆಯಲ್ಲಿ, ಚಳಿನಿದ್ದೆಯ ತಿಂಗಳಲ್ಲಿ ಗೂಡಿರುವ ಭಾಗ ಮುಟ್ಟೋ ಹಾಗಿಲ್ಲ. ಕೆಲಸದ ವೇಳಾಪಟ್ಟಿಯನ್ನೇ ಅವುಗಳ ಸುತ್ತ ಹಾಕಬೇಕು. ಕುದುರೆಲಾಳ ಬಾವಲಿ ಸಂದಿಯಲ್ಲಿ ನುಸುಳಲ್ಲ, ಹಾರಿಕೊಂಡೇ ಒಳಗೆ ಬರುತ್ತೆ, ಹಾಗಾಗಿ ಅದಕ್ಕೆ ತೆರೆದ ಕಿಂಡಿ ಉಳಿಸಲೇಬೇಕು. ಹಲಗೆಗೆ ಹೊಡೆಯೋ ಔಷಧಿಯೂ ಅವಕ್ಕೆ ವಿಷವಾಗದ್ದೇ ಆಗಿರಬೇಕು.

ಶರಾವತಿ_ದಡ

ತಿದ್ದಿದ ಕರಡು:

"ಟಿಂಟ್ಸ್‌ಫೀಲ್ಡ್: 19ನೇ ಶತಮಾನದ ಆರಂಭದ ಮನೆಗೆ 1863–65ರಲ್ಲಿ ಜಾನ್ ನಾರ್ಟನ್ ನವಗಾಥಿಕ್ ರೂಪ ಕೊಟ್ಟು ವಿಸ್ತರಿಸಿದ ಹಳ್ಳಿಬಂಗಲೆ. ಒಡೆಯ ವಿಲಿಯಂ ಗಿಬ್ಸ್. ಸಂಪತ್ತು ಪೆರುವಿನ ಗ್ವಾನೋ ವ್ಯಾಪಾರದ್ದು, ಆ ಗ್ವಾನೋ ಅಗೆದವರಲ್ಲಿ ಕರಾರಿನ ಚೀನೀ ಕೂಲಿಗಳೂ ಇದ್ದರು. ಪ್ರಾರ್ಥನಾಮಂದಿರ 1870ರ ದಶಕದ್ದು, ವಾಸ್ತುಶಿಲ್ಪಿ ಆರ್ಥರ್ ಬ್ಲೋಮ್‌ಫೀಲ್ಡ್. ಒಣಕೊಳೆ ತಗುಲಿದ ಗಡಿಯಾರ ಗೋಪುರವನ್ನು 1935ರಲ್ಲಿ ಇಳಿಸಲಾಯಿತು. 2002ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡಿತು."

ಎಲ್ವೆಡನ್ ವಿಷಯ ನಾರ್ಟನ್ ವಿಭಾಗಕ್ಕೆ ಹೋಗುತ್ತೆ, ಸೀಸದ ದೋಣಿ "ಸಂರಕ್ಷಣೆ" ವಿಭಾಗಕ್ಕೆ.

ತೋಟದಮನೆ

"ಕೂಲಿಗಳೂ ಇದ್ದರು" ಅನ್ನೋದರಲ್ಲಿ ಕೈದಿಗಳು ಬಿಟ್ಟುಹೋದರು. "ಕರಾರಿನ ಚೀನೀ ಕೂಲಿಗಳು ಮತ್ತು ಕೈದಿಗಳು" ಅಂತ ಮಾಡಿ.

ಶರಾವತಿ_ದಡ

ಮಾಡಿದೆ.